ಗೋದಲಿಯ ಹುಲ್ಲು

ಯಸಳೂರು
ಡಿಸೆಂಬರ್ ೨೩, ೧೮೯೭

ಪ್ರೀತಿಯ ಮೊಡೆಸ್ಟಾ ಅಕ್ಕನಿಗೆ, ನಿನ್ನ ತಮ್ಮ ಸಿಪ್ರಿಯನ್‌ನ ನಮಸ್ಕಾರ.

ಬೇಕೆಂದೇ, ಅಮ್ಮನಿಗೆ ಓದಲು ಬಾರದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮ್ಮ ಓದಿ ಹೇಳು ಎಂದರೆ ಇಲ್ಲಿಯ ಚಳಿ, ನನ್ನ ಊಟ, ಇಷ್ಟನ್ನು ಹೇಳಿ ಕಾಗದ ಮಡಿಚಿಬಿಡು. ಉಳಿದದ್ದು ನಿನಗೆ ಮಾತ್ರ.

ನಾಳೆ ಸಂಜೆ ಪಾದ್ರಿಗಳು ಬರುತ್ತಾರೆ. ತೋಟದ ಮಕ್ಕಳನ್ನು ನೋಡಿ ಮೆಚ್ಚಿದರೆ ಕಾಫಿ ಸ್ಟೋರಿನ ಜಗಲಿಯಲ್ಲಿ ನಾನು ಹೇಳಿಕೊಡುವ ಪಾಠವೇ ಶಾಲೆಯಾಗುತ್ತದೆ, ನಾನು ಮೇಷ್ಟ್ರಾಗುತ್ತೇನೆ. ಎಲ್ಲಿಯೂ ನಿಲ್ಲದ ನನ್ನನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಲ್ಬನ್ ಮಾವ ಈ ಆಸೆಯಿಂದಲೇ ಮನೆಯಲ್ಲಿಟ್ಟುಕೊಂಡಿದ್ದಾರೆ.

ನಾನು ಪಾದ್ರಿಗಳ ಶಾಲೆಯಲ್ಲಿ ಓದು ಬಿಟ್ಟದ್ದು ಏಕೆಂದು ನಿನಗೆ ಗೊತ್ತು. ಪ್ರಾರ್ಥನೆಯಲ್ಲಿ ತೂಕಡಿಸುತ್ತಿದ್ದ ನನಗೇ ಭಕ್ತಿಯ ಪದಕ ಕೊಟ್ಟರು; ನನ್ನಲ್ಲಿ ಭಕ್ತಿಯಿಲ್ಲ ಎಂದು ಹಿಂದಕ್ಕೆ ಕೊಟ್ಟೆ. ಕೆನ್ನೆಗೆ ಬಿತ್ತು, ನಾನು ಹೊರಟು ಬಂದೆ. ಒಳಗಿನ ಮನುಷ್ಯ ತಿರುಗದಿದ್ದರೆ ಎಷ್ಟು ಕಲಿಸಿದರೂ ಅದು ಶಾಲೆಯಲ್ಲ ಎಂದು ಆಗ ನೀನು ಬರೆದಿದ್ದೆ. ಆ ಮಾತನ್ನು ಇಲ್ಲಿ ನನ್ನದೆಂಬಂತೆ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಆಮೇಲೆ ಮಾಡಿದ್ದೇನು ಗೊತ್ತೆ? ಕ್ರಿಸ್‌ಮಸ್‌ಗೆ ಬಿದಿರಿನ ಗೋದಲಿ ಕಟ್ಟಿದೆ. ಒಂದು ಒಳ್ಳೆಯ ಕೆಲಸ ಮಾಡಿದವರು ಬಾಲಯೇಸುವಿನ ಹಾಸಿಗೆಗೆ ಒಂದು ಹಿಡಿ ಹುಲ್ಲು ಹಾಕಬಹುದು ಎಂದೆ. ಮೊದಮೊದಲು ಮಕ್ಕಳು ಸೌದೆ ಹೊತ್ತರು, ಕಣದಲ್ಲಿ ಚೆಲ್ಲಿದ ಕಾಫಿ ಆರಿಸಿದರು. ಆಮೇಲೆ ಒಳ್ಳೆಯ ಕೆಲಸಗಳು ಸಾಲದೆ ಬಂದವು. ಒಬ್ಬ ಇನ್ನೊಬ್ಬನ ಟೋಪಿ ಅಡಗಿಸಿಟ್ಟು ತಾನೇ ಹುಡುಕಿಕೊಟ್ಟ. ಕೂಲಿಯವರ ಲೈನುಮನೆಗಳ ಹಿಂದೆ ಗಾಡಿ ಹೊಡೆಯುವ ಗಿಡ್ಡಯ್ಯನ ಮನೆಯಿದೆ. ಅವನ ಕರುವನ್ನು ಬಿಚ್ಚಿ ಓಡಿಸಿ, ತಾವೇ ಹಿಡಿದು ತಂದು ಕೊಡತೊಡಗಿದರು. ಪಾಪ, ಅವನು ನನ್ನ ಹತ್ತಿರ ಬಂದು, “ಎಂಥಾ ಮಕ್ಳನ್ನ ತಯಾರು ಮಾಡಿದೀರಿ ಮಾರಾಯ್ರೇ! ನನ್ನ ಕರ ದಿನಾ ಹೊಂಟೋಗ್ತೈತೆ, ಅವು ದಿನಾ ಹಿಡ್ಕಂಡು ಬತ್ತವೆ” ಎಂದ. ನಾನು ನಕ್ಕೆ. ಮಕ್ಕಳು ಹಗ್ಗ ಬಿಚ್ಚುವುದನ್ನು ಹಿಂದಿನ ದಿನವೇ ಕಣ್ಣಾರೆ ಕಂಡಿದ್ದೆ. ಗೋದಲಿ ತುಂಬುತ್ತಿತ್ತು, ಸುಮ್ಮನಿದ್ದೆ.

ಮೊನ್ನೆ ಕರು ತೋಟದ ಹೊಸ ಚರಂಡಿಗೆ ಬಿದ್ದು ಕತ್ತು ಮುರಿದುಕೊಂಡಿತು.

ಕರು ಕಟ್ಟುವವಳು ಗಿಡ್ಡಯ್ಯನ ಹೆಂಡತಿ ಮಾರಮ್ಮ. “ನೀನು ಸಡಿಲ ಕಟ್ಟಿ ಕೊಂದ್ಬುಟ್ಟೆ ಕಣೇ” ಎಂದು ಅವನು ಕೂಗಾಡಿದ್ದು ಸ್ಟೋರಿನವರೆಗೂ ಕೇಳಿಸಿತು. ಗೋಹತ್ಯೆಯ ಪಾಪ ತನ್ನ ಕೈಗೆ ಅಂಟಿತೆಂದು ಅವಳು ಊಟ ಬಿಟ್ಟಿದ್ದಾಳೆ. ದೀಪ ಮುಟ್ಟುವುದಿಲ್ಲ, ಯಾರಿಗೂ ನೀರು ಕೊಡುವುದಿಲ್ಲ. ನಿಜ ಹೇಳಿಬಿಡುತ್ತೇನೆ ಎಂದರೆ ಆಲ್ಬನ್ ಮಾವ, “ಪಾದ್ರಿಗಳು ಹೋಗೋ ತನಕ ಬಾಯಿ ಮುಚ್ಕೊಂಡಿರು ಮಾರಾಯ. ಹೇಳಿದ್ರೆ ಕರು ಎದ್ದು ಬರ್ತದಾ?” ಎಂದು ಗದರಿದರು.

ಇವತ್ತು ಬೆಳಿಗ್ಗೆ ಗಿಡ್ಡಯ್ಯ ಜಗಲಿಗೆ ಬಂದ. ಕರುವಿಲ್ಲದೆ ಹಸು ಸೊರೆ ಬಿಡುತ್ತಿಲ್ಲ, ಕೆಚ್ಚಲಿನಿಂದ ಹಾಲು ಇಳಿಯುತ್ತಿಲ್ಲ. ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಎದುರಿಗೆ ನಿಲ್ಲಿಸಬೇಕು, ಅವನ ಬಣವೆಯ ಹುಲ್ಲು ಇಬ್ಬನಿಗೆ ನೆಂದಿದೆ. ಗೋದಲಿ ತೋರಿಸಿ, “ಇದು ಒಣಗೈತಲ್ಲ, ಇದ್ನೇ ಕೊಡಿ” ಎಂದ. ಮಕ್ಕಳು ನನ್ನ ಮುಖ ನೋಡಿದರು. ಅಷ್ಟನ್ನೂ ಬಾಚಿ ಕೊಟ್ಟೆ.

ಅವನ ಹಿಂದೆಯೇ ಹೋದೆ. ಹಸು ಆ ಹುಲ್ಲಿನ ಕರುವನ್ನು ಕಿವಿಯಿಂದ ಬಾಲದವರೆಗೆ ನೆಕ್ಕಿತು. ಆಮೇಲೆ ಹಾಲು ಬಿಟ್ಟಿತು. ಅಲ್ಲಿ ನಿಲ್ಲಲಾರದೆ ಮಾರಮ್ಮನ ಮುಂದೆ ಕೂತು, ನಿನ್ನ ಗಂಟು ಸಡಿಲವಿರಲಿಲ್ಲ, ಮಕ್ಕಳು ಬಿಚ್ಚಿದರು, ನನಗೆ ಮೊದಲೇ ಗೊತ್ತಿತ್ತು ಎಂದೆ. ಗಿಡ್ಡಯ್ಯ ಚೆಂಬು ಹಿಡಿದು ಹಾಗೆಯೇ ನಿಂತುಬಿಟ್ಟ. ಅವಳು ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ನಾಳೆ ಪಾದ್ರಿಗಳಿಗೆ ಬರಿದಾದ ಗೋದಲಿ ತೋರಿಸಿ ಕಾರಣವನ್ನೂ ಹೇಳುತ್ತೇನೆ. ಶಾಲೆ ಆಗಲಿ, ಬಿಡಲಿ. ಈಗ ಎದೆ ಹಗುರವಾಗಿದೆ.

ಇಂತಿ, ಪಾಠ ಹೇಳಲು ಹೊರಟು ಪಾಠ ಕಲಿಯುತ್ತಿರುವ ನಿನ್ನ ತಮ್ಮ,
ಸಿಪ್ರಿಯನ್

ತಾ. ಕ.: ಅಕ್ಕ, ಎದೆ ಹಗುರವಾಗಿದೆ ಎಂದದ್ದು ಸುಳ್ಳು. ನಾನು ಏಳುವಾಗ ಮಾರಮ್ಮ, “ಮಕ್ಳಿಗೆ ಹೊಡೀಬ್ಯಾಡ ಮಗಾ. ಅವುಕೆ ಯಾರು ಹೇಳ್ಕೊಟ್ರೋ ಏನೋ” ಎಂದಳು. ನಾನು ಮಾತಾಡದೆ ಬಂದೆ. ಮೊನ್ನೆ, ಕರು ಬೀಳುವುದಕ್ಕೆ ಸ್ವಲ್ಪ ಮೊದಲು, ಹುಲ್ಲು ಸಾಲದೆ ಗೋದಲಿಯ ಒಂದು ಮೂಲೆ ತಗ್ಗಾಗಿ ಕಂಡಿತ್ತು. ಮಾವನ ಮಗಳು ಸೆರಾಫಿನಾಳನ್ನು ಕರೆದು, ಇವತ್ತು ಗಿಡ್ಡಯ್ಯನ ಕರು ತಪ್ಪಿಸಿಕೊಳ್ಳಲಿಲ್ಲವೇ ಎಂದು ಕೇಳಿದವನು ನಾನು. ಅವಳು ನಗುತ್ತಾ ಓಡಿದಳು.

ಅದನ್ನು ಹೇಳಲು ಈಗ ಮತ್ತೆ ಹೊರಟಿದ್ದೇನೆ. ಸೆರಾಫಿನಾ ಹೊಸ್ತಿಲಲ್ಲಿ ನಿಂತು, ತಾನೂ ಬರುತ್ತೇನೆ ಎನ್ನುತ್ತಿದ್ದಾಳೆ. ಇದಕ್ಕೆ ಹುಲ್ಲು ಸಿಗುವುದಿಲ್ಲ ಎಂದೆ. “ಗೊತ್ತು” ಎಂದಳು.