ಊರಿಗೊಂದು ಬಿನ್ನವತ್ತಳೆ

೨-೨-೧೯೬೪, ಭಾನುವಾರ. ಬೆಳಿಗ್ಗೆ ಐದೂವರೆ

ಎಂದಿನಂತೆ ಕೂತೆ. ನಿಬ್ಬು ತೊಳೆದೆ, ಇಂಕು ತುಂಬಿದೆ, ಹಾಳೆಗೆ ಮಾರ್ಜಿನ್ ಎಳೆದೆ. ಮಾರ್ಜಿನ್ ಚೆನ್ನಾಗಿ ಬಂತು. ಅದರಾಚೆ ಏನೂ ಬರಲಿಲ್ಲ. ಕಾಫಿ ಆರಿತು, ಕಾವ್ಯ ಹಾರಿತು... ಇಂಥದ್ದು ಮಾತ್ರ ಕೇಳದೆಯೇ ಬರುತ್ತದೆ.

ನಲವತ್ತಾರು ತುಂಬಿತು. ಹೊಸನಗರದಲ್ಲಿ ಕನ್ನಡ ಮೇಷ್ಟ್ರು, ಬಿ.ಎ. ನನ್ನದು ಅಂತ ಒಂದು ಒಳ್ಳೆಯ ಪುಟ ಇಲ್ಲ. ಒಂದು ಸಾಕು. ಎರಡು ಕೇಳುವವನಲ್ಲ.

ಹೆಂಡತಿ ದುಗ್ಗಮ್ಮ ಇಣುಕಿದಳು. "ಎಂತ, ಇವತ್ತೂ ಬರೀ ಗೆರೆಯಾ? ಹಾಗಾದ್ರೆ ಹಿತ್ತಲಲ್ಲಿ ನಾಲ್ಕು ಸಾಲು ಹರಿವೆ ಹಾಕಿ. ಅದಾದ್ರೂ ಮೇಲೆ ಬರ್ತದೆ."

ಪಶುವೈದ್ಯರಿಗೆ ವರ್ಗವಾಗಿದೆ. ಬಿನ್ನವತ್ತಳೆ ನನ್ನ ಪಾಲಿಗೆ. ಈ ತಾಲೂಕಿನಲ್ಲಿ ಯಾರು ಊರು ಬಿಟ್ಟರೂ ಹೊಗಳಿ ಕಳಿಸುವವ ನಾನು. ಸದ್ಗುಣಗಳ ಗಣಿ, ಸಜ್ಜನ ಶಿರೋಮಣಿ. ಕೈ ತಾನೇ ಬರೆಯಿತು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

೯-೨

ಬೀಳ್ಕೊಡುಗೆ ಸಭೆ. ಗಟ್ಟಿಯಾಗಿ ಓದಿ, ಗಾಜಿನ ಕಟ್ಟು ಹಾಕಿಸಿದ್ದನ್ನು ಡಾಕ್ಟರ ಕೈಗಿತ್ತೆ. ಕಣ್ಣೊರೆಸಿಕೊಂಡರು. ಹಿಂದಿನ ಡಾಕ್ಟರೂ ಇದೇ ಗಣಿ-ಮಣಿಗೆ ಅತ್ತಿದ್ದರು. ಬಿನ್ನವತ್ತಳೆ ಹೋಗುವವರ ಸ್ವತ್ತು. ನಕಲು ಇಟ್ಟುಕೊಳ್ಳುವ ಪದ್ಧತಿ ಇಲ್ಲ. ನನ್ನವು ಇಟ್ಟುಕೊಳ್ಳುವಂಥವೂ ಅಲ್ಲ.

೧೫-೩. ಸಾಗರದಿಂದ ಬಂದು

ಗಜಾನನನ ಪ್ರೆಸ್ಸಿಗೆ ಹೋಗಿದ್ದೆ. ಕಾಲೇಜಿನ ಗೆಳೆಯ, ಈಗ ಪುಟ್ಟ ಮಾಸಪತ್ರಿಕೆಯ ಸಂಪಾದಕ. ನನ್ನ ಪದ್ಯ ಓದಿ ಕನ್ನಡಕ ತೆಗೆದ.

"ಬಾಲ ಚೆನ್ನಾಗಿ ಅಲ್ಲಾಡ್ತದೆ ಮಾರಾಯ. ನಾಯಿ ಎಲ್ಲಿ?"

ನಕ್ಕೆ. ನಗಬೇಕಲ್ಲ.

"ದೀಪಾವಳಿ ಸಂಚಿಕೆಯಲ್ಲಿ ಒಂದು ಪುಟ ಖಾಲಿ ಇಡ್ತೇನೆ. ಜುಲೈ ಮುಗಿಯೋದ್ರೊಳಗೆ ಕೊಡು. ಹೀಗೆ ಪ್ರಾಸದ ಬಾಲ ಅಂಟಿಸಿದ್ದು ಬೇಡ" ಎಂದ.

ಬಸ್ಸಿನಲ್ಲಿ ಉದ್ದಕ್ಕೂ ಕಣ್ಣು ಮುಚ್ಚಿ ಕೂತಿದ್ದೆ. ಅವನು ಹೇಳಿದ್ದು ನಿಜ. ಬರೆಯುವುದನ್ನು ಬಿಡುತ್ತೇನೆ. ಬಿಟ್ಟರೆ ಯಾರಿಗೂ ಗೊತ್ತೂ ಆಗುವುದಿಲ್ಲ. ಅದೇ ಹೆದರಿಕೆ.

೨೬-೪

ಬರೆದಿರಲಿಲ್ಲ. ಈ ದಿನಚರಿಯನ್ನೂ.

ಇವತ್ತು ಬೆಳ್ಳಪ್ಪ ಬಂದ, ಹುರುಳಿಕೊಪ್ಪದಿಂದ. ನಾನು ಮೊದಲು ಮೇಷ್ಟ್ರಾಗಿದ್ದು ಅಲ್ಲಿ, ಇವನಿಗೆ ಅಕ್ಷರ ಕಲಿಸಿದ್ದೂ ಅಲ್ಲೇ. ಈ ಮಳೆಗಾಲಕ್ಕೆ ಲಿಂಗನಮಕ್ಕಿ ಅಣೆಕಟ್ಟಿನ ನೀರು ಹುರುಳಿಕೊಪ್ಪಕ್ಕೆ ಬರುತ್ತದೆ. ಮುಂದಿನ ಶನಿವಾರ ಊರೆಲ್ಲ ಸೇರಿ ಕೊನೆಯ ಊಟವಂತೆ.

"ಒಂದು ಬಿನ್ನವತ್ತಳೆ ಬರ್ಕೊಡಿ ಮೇಷ್ಟ್ರೇ."

"ಯಾರಿಗೋ?"

"ಊರಿಗೆ. ಅದಕ್ಕೂ ವರ್ಗ ಆಗೈತಲ್ಲ."

"ಹೋಗೋರು ನೀವಲ್ವೇನೋ?"

"ನಾವೆಲ್ಲಿ ಹೋಗ್ತೀವಿ? ಆನಂದಪುರದ ಕಡೆ ಜಾಗ ಕೊಟ್ಟಾರೆ, ಸಂತೆಗೆ ಬಂದ್ರೆ ಸಿಗ್ತೀವಿ. ಊರು ಸಿಗ್ತೈತಾ?"

ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆ?

೩೦-೪

ಗಣಿ. ಮಣಿ. ಊರೇ, ನಿನಗೆ ಸಾಟಿ ಯಾರೇ. ಥೂ.

ಬಿನ್ನವತ್ತಳೆಯ ಕೊನೆಗೆ ಮುಂದಿನ ಊರಿನಲ್ಲಿ ಕೀರ್ತಿ ಹೆಚ್ಚಲಿ, ಬಡ್ತಿ ಸಿಗಲಿ ಎಂದು ಹಾರೈಸಬೇಕು. ಊರಿಗೆ ಏನೆಂದು ಹಾರೈಸಲಿ? ಹರಿದು ಹಾಕಿದೆ. ದುಗ್ಗಮ್ಮ ಚೂರುಗಳನ್ನು ಬಚ್ಚಲೊಲೆಗೆ ಒಯ್ದಳು. ಹರಿವೆಯ ಮಾತಾದರೂ ಅಂದಿದ್ದರೆ ಚೆನ್ನಾಗಿತ್ತು.

೩-೫, ಭಾನುವಾರ

ನಿನ್ನೆಯದನ್ನು ಬರೆದಿಡಬೇಕು.

ಖಾಲಿ ಕಟ್ಟು, ಡ್ರಾಯಿಂಗ್ ಶೀಟು, ಪೆನ್ನು. ಇಷ್ಟು ಹಿಡಿದು ಹೋದೆ. ಶಾಲೆಯ ಜಗಲಿಯಲ್ಲಿ ಕೂತೆ. ಬೆವರು. ಗುತ್ಯಮ್ಮ ಬಂದು ಪಕ್ಕದಲ್ಲಿ ಕೂತಳು. ಆ ಕಾಲದಲ್ಲಿ ನನಗೆ ಅನ್ನ ಹಾಕಿದವಳು, ಬೆಳ್ಳಪ್ಪನ ತಾಯಿ.

"ಬರ್ದಾತಾ?"

"ಏನು ಬರೀಲಿ ಗುತ್ಯಮ್ಮ?"

"ಇರೋದು ಬರ್ಯಪ್ಪ. ಇಲ್ದಿದ್ದು ಯಾಕೆ?"

ಅವಳು ಹೇಳುತ್ತ ಹೋದಳು. ಗಂಡ ಕುಡುಗೋಲು ಮಸೆಯುತ್ತಿದ್ದ ಕಲ್ಲು. ಅದರಲ್ಲಿ ಬಿದ್ದ ಕುಳಿ. ಆ ಕುಳಿಯಲ್ಲಿ ನಿಂತ ನೀರು ಕುಡಿಯುವ ಕೋಳಿ. ನಾನು ನೇರವಾಗಿ ಶೀಟಿನ ಮೇಲೇ ಬರೆದೆ. ಕರಡಿಲ್ಲ. ಒಂದೂ ಪ್ರಾಸ ಬರಲಿಲ್ಲ. ಬರಲಿಲ್ಲ ಅನ್ನುವುದು ಮುಗಿದ ಮೇಲೆ ಗೊತ್ತಾಯಿತು.

ಊಟದ ನಂತರ ಓದಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲೆ ಎತ್ತುವುದನ್ನೂ ಮರೆತು ಕೂತಿದ್ದರು. ಕೊನೆಗೆ ಗುತ್ಯಮ್ಮ: "ಎಲ್ಲ ಸರಿ. ನಮ್ಮ ಕರಿಯನ್ನ ಬಿಟ್ಬಿಟ್ರಿ." ಕರಿಯ ಅವಳ ನಾಯಿ.

ಬೆಳ್ಳಪ್ಪ ಶಾಲೆಯ ಗೋಡೆಗೆ ಮೊಳೆ ಹೊಡೆದು ಕಟ್ಟನ್ನು ತೂಗುಹಾಕಿದ. ಆಗ ಎಚ್ಚರವಾಯಿತು. "ಸ್ವಲ್ಪ ತಾಳು ಬೆಳ್ಳಪ್ಪ, ನಕಲು ಮಾಡ್ಕೋತೀನಿ."

ಗುತ್ಯಮ್ಮ ತಿರುಗಿ ನೋಡಿದಳು. "ದನದ ಡಾಕ್ಟರಿಗೆ ಕೊಟ್ಟಿದ್ದನ್ನ ವಾಪಸ್ ಕೇಳಿದ್ರಾ ಮೇಷ್ಟ್ರೇ?"

ಬಸ್ಸು ಹತ್ತಿದೆ. ಇರಲಿ, ನೆನಪಿದೆ.

೧೦-೫

ನೆನಪಿಲ್ಲ. ಕಲ್ಲು ಬಂತು, ಕುಳಿ ಬಂತು. ಮೂರನೆಯ ಸಾಲಿಗೆ 'ಕುಳಿ'ಯ ಹಿಂದೆಯೇ 'ಚಳಿ', 'ಇಳಿ', 'ಉಳಿ' ಸಾಲುಗಟ್ಟಿ ನಿಂತವು. ಕಿವಿ ಮುಚ್ಚಿಕೊಂಡೆ. ಕಿವಿ ಮುಚ್ಚಿದರೆ ಹೋಗುವಂಥವಲ್ಲ.

ನನ್ನ ಒಂದೇ ಪುಟ. ಗೋಡೆಯ ಮೇಲಿದೆ.

೨೧-೬

ಮಳೆ. ಗಜಾನನನ ಕಾರ್ಡು: "ಪುಟ ಖಾಲಿ ಇದೆ." ನಾನೂ.

೫-೭

ಇನ್ನು ತಡೆಯಲಾರೆ ಎನ್ನಿಸಿತು. ಬೆಳ್ಳಪ್ಪನನ್ನು ಕರೆದುಕೊಂಡು ಹುರುಳಿಕೊಪ್ಪಕ್ಕೆ ಹೋದೆ. ಪೆನ್ನು, ಹಾಳೆ, ಕೊಡೆ. ಕದಿಯುವುದಿಲ್ಲ, ಬರೆದುಕೊಳ್ಳುತ್ತೇನೆ ಅಷ್ಟೇ ಎಂದು ದಾರಿಯುದ್ದಕ್ಕೂ ಹೇಳಿಕೊಂಡೆ. ಗದ್ದೆಗಳ ಮೇಲೆ ನೀರು. ಶಾಲೆಯ ಜಗಲಿಯಲ್ಲಿ ಮೊಣಕಾಲುದ್ದ. ಹೆಂಚನ್ನು ಯಾರೋ ಒಯ್ದಿದ್ದಾರೆ. ಗೋಡೆ ಇದೆ, ಕಟ್ಟು ಇದೆ, ಗಾಜೂ ಒಡೆದಿಲ್ಲ.

ಒಳಗೆ ಬರೀ ನೀಲಿ. ಇಂಕು ಇಳಿದು ಹೋಗಿದೆ. ಒಂದಕ್ಷರವೂ ಇಲ್ಲ.

ಬೆಳ್ಳಪ್ಪ ನನ್ನ ಕೊಡೆ ಸರಿಮಾಡಿ ಹಿಡಿದ. "ಊರು ಓದ್ಕೊಂಡೈತೆ ಬಿಡಿ ಮೇಷ್ಟ್ರೇ."

ಬರುವಾಗ ಕರಿಯನ ವಿಷಯ ಕೇಳಿದೆ. ಹೇಳಿದ. ಅವ್ವನಿಗೆ ಇನ್ನೂ ಹೇಳಿಲ್ಲವಂತೆ.

೬-೭. ಬೆಳಿಗ್ಗೆ ಐದೂವರೆ

ಕೂತೆ. ಮಾರ್ಜಿನ್ ಎಳೆಯಲಿಲ್ಲ.

ಬಿಟ್ಟುಹೋದದ್ದು ನಾಯಿ ಒಂದು. ಊರಿಗೆ ಕೊಟ್ಟದ್ದರಲ್ಲಿ ಅದಿರಲಿಲ್ಲ. ಹಾಗಾಗಿ ಅದು ಇನ್ನೂ ಯಾರಿಗೂ ಕೊಟ್ಟದ್ದಲ್ಲ.

ಊರು ಬಿಟ್ಟು ಗಾಡಿ ಹೊರಟಾಗ ಕರಿಯ ಗದ್ದೆಯಂಚಿನವರೆಗೆ ಹಿಂದೆ ಬಂತು. ಗುತ್ಯಮ್ಮ ಕರೆದಳು. ಅದು ಗಾಡಿಯನ್ನೊಮ್ಮೆ, ಊರನ್ನೊಮ್ಮೆ ನೋಡಿತು. ತಿರುಗಿ ಹೋಗಿ ಶಾಲೆಯ ಜಗಲಿಯಲ್ಲಿ ಮಲಗಿತು. ಬೆಳ್ಳಪ್ಪ ಎರಡು ಸಲ ಹೋಗಿ ಹಗ್ಗ ಹಾಕಿ ಎಳೆದ. ಎರಡು ಸಲವೂ ಹಗ್ಗ ಕಡಿದುಕೊಂಡು ವಾಪಸಾಯಿತು. ನೀರು ಜಗಲಿಗೆ ಏರಿದ ದಿನ ಅದು ಎದ್ದು ನಿಂತು... ಉಳಿದದ್ದನ್ನು ಇಲ್ಲಿ ಬರೆಯುವುದಿಲ್ಲ, ಗಜಾನನನ ಖಾಲಿ ಪುಟಕ್ಕೆ ಬರೆಯುತ್ತೇನೆ.