ನೂರು ಪಟ್ಟು ಭಾರದ ಗುಡ್ಡ

ದುಶಾನ್ಬೆ
ಫೆಬ್ರವರಿ ೧೧, ೧೯೮೬

ಪ್ರೀತಿಯ ತಮ್ಮ ಮಿರ್ಜೊಶೊ,

ನಿನ್ನ ಸೊಂಟ ಹೇಗಿದೆ? ನಿನ್ನ ಹೆಂಡತಿ ಒಯ್‌ಜಮೋಲ್‌ಳ ಕೆಮ್ಮು ಇಳಿಯಿತೇ? ಸೇನೆಗೆ ಹೋದ ಮಗ ದೌಲತ್ಯೋರ್‌ನಿಂದ ಕಾಗದ ಬಂತೇ? ಕೆಂಪು ಹಸು ಕರು ಹಾಕಿತೇ? ನನಗೆ ಕೋಪವೊಂದು ಬಿಟ್ಟರೆ ಬೇರೆ ಕಾಯಿಲೆಯಿಲ್ಲ.

ಕೋಪ ನಿನ್ನ ಮೇಲೆಯೇ. ಊರ ಮೇಲಿನ ಗುಡ್ಡ ಕುಸಿಯಬಹುದು, ಹಿಮ ಕರಗಿ ಮುಗಿಯುವ ತನಕ ನನ್ನ ಮನೆಗೆ ಬಂದಿರಿ ಎಂದರೆ ಫೋನಿನಲ್ಲಿ ಏನಂದೆ? “ಅಕ್ಕಾ, ಕೆಸರಿನ ಆಟಿಕೆ ತಿರುಗಿಸಿ ಬೀಳಿಸಿ ನನ್ನ ಮನೆ ಖಾಲಿ ಮಾಡಿಸ್ತೀಯಾ? ಆ ಯಂತ್ರದಲ್ಲಿ ಕೂರಿಸಿ ತಿರುಗಿಸಿದ್ರೆ ನೀನೂ ಬೀಳ್ತೀಯ.” ಅಂಚೆ ಕಚೇರಿಯಲ್ಲಿ ನಿನ್ನ ಹಿಂದೆ ನಿಂತವರು ನಕ್ಕದ್ದೂ ನನಗೆ ಕೇಳಿಸಿತು. ನಕ್ಕವರ ಮನೆಗಳೂ ಅದೇ ಗುಡ್ಡದ ಬುಡದಲ್ಲಿವೆ.

ಚಿಕ್ಕವನಿದ್ದಾಗ ಮಜ್ಜಿಗೆಯ ಬಕೆಟ್ಟನ್ನು ಗಿರಗಿರ ತಿರುಗಿಸುತ್ತಿದ್ದವನು ನೀನೇ ಅಲ್ಲವೇ? ಮಜ್ಜಿಗೆ ಚೆಲ್ಲದೆ ತಳಕ್ಕೇ ಒತ್ತಿಕೊಳ್ಳುತ್ತಿತ್ತು. ನಮ್ಮ ಸಂಶೋಧನಾಲಯದ ಯಂತ್ರವೂ ಅಷ್ಟೆ, ತೋಳು ಮಾತ್ರ ಲಾರಿಯಷ್ಟು ಉದ್ದ. ಅದರ ತುದಿಯ ಪೆಟ್ಟಿಗೆಯಲ್ಲಿ ನಿಮ್ಮ ಗುಡ್ಡದಿಂದಲೇ ತಂದ ಮಣ್ಣನ್ನು ಪದರ ಪದರವಾಗಿ ಮೆತ್ತಿದವಳು ನಾನು. ಎತ್ತರ ಗುಡ್ಡದ ನೂರರಲ್ಲೊಂದು ಪಾಲು. ತೋಳು ವೇಗ ಹಿಡಿದರೆ ಮಣ್ಣಿನ ತೂಕ ನೂರು ಪಟ್ಟಾಗುತ್ತದೆ. ಆಗ ಮೊಳದೆತ್ತರದ ಮಣ್ಣಿಗೂ ಗುಡ್ಡದಷ್ಟೇ ಭಾರ ಹೊರುವ ಪಾಡು. ನಿಮ್ಮಲ್ಲಿ ತಿಂಗಳಿಡೀ ಮಣ್ಣಿಗಿಳಿಯುವ ಹಿಮದ ನೀರು ಅಲ್ಲಿ ಐದು ನಿಮಿಷದೊಳಗೆ ಇಳಿಯುತ್ತದೆ. ಒಣಗಿದ್ದಾಗ ಗುಡ್ಡ ನಿಂತಿತು. ನೀರು ಬಿಟ್ಟಾಗ ನಿನ್ನ ಜರ್ದಾಳು ತೋಟದ ಕಡೆಗೇ ಕುಸಿಯಿತು. ಸುಳ್ಳಾಗಲಿ ಎಂದು ಮತ್ತೊಮ್ಮೆ, ಇನ್ನೂ ಬಿಗಿಯಾಗಿ ಮೆತ್ತಿದೆ. “ಇಷ್ಟು ಗುದ್ದಬೇಡಿ ಚಿಕ್ಕಮ್ಮಾ, ಗುಡ್ಡಕ್ಕೆ ಲಂಚ ಕೊಟ್ಟ ಹಾಗಾಯ್ತು” ಎಂದು ನಮ್ಮ ಎಂಜಿನಿಯರ್ ಶಹ್ನೋಜ ಬೈದಳು. ಲಂಚ ತಿಂದೂ ಅದು ಅಲ್ಲೇ ಕುಸಿಯಿತು.

ಅದೇ ಫೋನಿನಲ್ಲಿ ಒಯ್‌ಜಮೋಲ್ ಹೇಳಿದ್ದು ಮಾತ್ರ ಬೇರೆ. ಹುಡುಗ ಸೇನೆಗೆ ಹೊರಡುವಾಗ ಒಂದು ತುತ್ತು ಕಚ್ಚಿ ಬಿಟ್ಟುಹೋದ ರೊಟ್ಟಿ ನಿಮ್ಮ ಗೋಡೆಯಲ್ಲಿ ತೂಗುತ್ತಿದೆ. “ಮಿಕ್ಕಿದ್ದನ್ನ ಅವನೇ ಬಂದು ತಿನ್ನೋ ತನಕ ನಾನು ಈ ಮನೆ ಬಿಡಲ್ಲ ಅತ್ತಿಗೆ. ರೊಟ್ಟಿ ಕಾಯದಿದ್ರೆ ಮಗ ದಾರಿ ಮರೀತಾನೆ” ಎಂದಳು. ಗುಡ್ಡದ ಭಾರವನ್ನು ನಮ್ಮ ಯಂತ್ರ ತೂಗೀತು, ಆ ರೊಟ್ಟಿಯದನ್ನು ಹೇಗೆ ತೂಗಲಿ?

ದೇವರು ನಿಮ್ಮ ಸೂರು ಕಾಯಲಿ; ಅದಕ್ಕೂ ಮೊದಲು ನಿನಗೆ ಬುದ್ಧಿ ಕೊಡಲಿ.

ನಿನ್ನ ಅಕ್ಕ,
ಸವ್ರಿನಿಸೊ

ಲಕೋಟೆ ಅಂಟಿಸುವಷ್ಟರಲ್ಲಿ ಅಂಚೆಯವನು ಬಂದ. ರೊಟ್ಟಿ ನನ್ನ ಮನೆಗೆ ಬಂದರೆ ದಾರಿ ಮರೆಯುತ್ತೀಯಾ ಎಂದು ದೌಲತ್ಯೋರ್‌ನನ್ನು ನಾನೇ ಬರೆದು ಕೇಳಿದ್ದೆ. ಉತ್ತರ ಬಂದಿದೆ: “ಅತ್ತೆ, ರೊಟ್ಟಿ ಎಲ್ಲಿರುತ್ತೋ ನಾನು ಅಲ್ಲಿಗೇ ಬರ್ತೀನಿ. ಅಮ್ಮ ಮಡಿಲಲ್ಲಿಟ್ಟುಕೊಂಡು ತರಲಿ.” ಮೊಳೆ, ಸುತ್ತಿಗೆ ಎತ್ತಿಟ್ಟುಕೊಂಡಿದ್ದೇನೆ. ನನ್ನ ಮನೆಯ ಯಾವ ದಿಕ್ಕಿನ ಗೋಡೆಗೆ ಹೊಡೆಯಲಿ ಎಂದು ಒಯ್‌ಜಮೋಲ್‌ಳನ್ನು ಕೇಳಿ ಬೇಗ ಬರೆ, ಹಿಮ ಕರಗುವ ಮೊದಲು ಬರೆ.