‘ಮಾಜಿ’ ಎಂಬ ಎರಡಕ್ಷರ

ಶಿಡ್ಲಘಟ್ಟ
೧೧-೧೧-೨೦೨೫, ಮಂಗಳವಾರ

ಶ್ರೀಮನ್ಮಹಾ ಮುಷ್ಟಿಮಂಡಲಾಧೀಶ್ವರ, ಹಳೇ ರೇಷ್ಮೆ ರೀಲಿಂಗ್ ಶೆಡ್ಡಿನ ಸಾರ್ವಭೌಮ, ಸ್ಕಂದಗಿರಿ ಕಪ್ ಕುಲತಿಲಕ, ಎಡಗೈ ಉದ್ದಂಡ, ಬಲಗೈ ಪ್ರಚಂಡ, ಮಧುಮೇಹ ಮರ್ದನ (ಕಾಫಿಗೆ ಕದ್ದು ಸಕ್ಕರೆ ಹಾಕಿಕೊಳ್ಳುವ ವೇಳೆಯ ಹೊರತು), ಎಂಟನೇ ತರಗತಿ ‘ಬಿ’ ವಿಭಾಗಕ್ಕೆ ಸಿಂಹಸ್ವಪ್ನ, ದೈಹಿಕ ಶಿಕ್ಷಕ ಶ್ರೀ ಶ್ರೀ ಶ್ರೀ ಸಿ. ಗಂಗರಾಜು ಅವರ ದಿವ್ಯ ಸನ್ನಿಧಾನಕ್ಕೆ, ಸದರಿಯವರ ಏಕೈಕ ಪುತ್ರಿ, ಬಿ.ಕಾಂ. ಕೊನೆಯ ವರ್ಷದ ತನುಜ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಅಪ್ಪ,

ಇಲ್ಲಿ ನಾನು, ಅಮ್ಮ, ಅಜ್ಜಿ ಮೂವರೂ ಚೆನ್ನಾಗಿದ್ದೇವೆ. ಅಲ್ಲಿ ತೊಂಡೇಬಾವಿಯಲ್ಲಿ ನೀನೂ ನಿನ್ನ ಮೊಣಕಾಲೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ಕಾಗದ ತಡವಾಯಿತು, ಕ್ಷಮಿಸು. ತಪಸ್ಸಿಗೆ ಹೊರಟ ನೀನು ಫೋನನ್ನು ಮನೆಯಲ್ಲೇ ಬಿಟ್ಟು ಹೋದೆಯಲ್ಲ, ಈ ಮನೆಯಲ್ಲಿ ಒಂದು ಪೆನ್ನು ಹುಡುಕಲು ಎರಡು ದಿನ ಹಿಡಿಯಿತು. ಸಿಕ್ಕಿದ್ದು ಬರೆಯುತ್ತದೆಯೇ ಎಂದು ನೋಡಲು ಇನ್ನೊಂದು ದಿನ. ನಿನಗೆ ತನ್ನ ಹಿಪ್ಪುನೇರಳೆ ತೋಟದಲ್ಲಿ ಓಡಾಡಲು ಜಾಗ ಕೊಟ್ಟಿರುವ ನಿನ್ನ ಮಿಲಿಟರಿ ಸ್ನೇಹಿತ ಮುನಿನಾರಾಯಣಪ್ಪ ಮಾಮ ಇವತ್ತು ರೇಷ್ಮೆಗೂಡು ತಗೊಂಡು ನಮ್ಮೂರ ಮಾರ್ಕೆಟ್ಟಿಗೆ ಬಂದಿದ್ದಾರೆ. ಹರಾಜು ಮುಗಿಸಿ ಖಾಲಿ ಚೀಲಗಳ ಜೊತೆ ಇದನ್ನೂ, ಅಮ್ಮ ಮಾಡಿದ ಹುರಳಿ ಚಟ್ನಿಪುಡಿಯನ್ನೂ ತರುತ್ತಾರೆ.

ನಿನ್ನ ಫೋನು ಈಗ ಆಂಜಿನಮ್ಮಜ್ಜಿಯ ವಶದಲ್ಲಿದೆ. ಕರೆ ಮಾಡಿದವರಿಗೆಲ್ಲ “ನನ್ ಮಗ ಕುಸ್ತಿಗೆ ಹೋಗವ್ನೆ, ಬರೋದು ಭಾನುವಾರ” ಎಂದು ಹೇಳಿ ಇಟ್ಟುಬಿಡುತ್ತಾಳೆ. ನಿನ್ನ ಹೆಡ್‌ಮಾಸ್ಟರಿಗೂ ಅದೇ ಉತ್ತರ. ಕುಸ್ತಿಯಲ್ಲ ಅಜ್ಜಿ, ಬಾಕ್ಸಿಂಗು ಎಂದು ನಾನು ತಿದ್ದಿದರೆ, “ಏದೈತೇನೇಮ್ಮ, ಯಾವ್ದಾದ್ರೂ ಏಟು ಏಟೇ ತಾನೆ” ಎನ್ನುತ್ತಾಳೆ. ಮನೆಯಲ್ಲಿ ಈ ವಾರ ಆಡಿದ ಮಾತುಗಳಲ್ಲಿ ಅದೇ ಹೆಚ್ಚು ತೂಕದ್ದು.

ಈಗ ವಿಷಯಕ್ಕೆ ಬರುತ್ತೇನೆ. ನೀನು ಹೋದ ಮೇಲೆ ನನ್ನನ್ನು ನಾನೇ ಏಕಸದಸ್ಯ ವಿಚಾರಣಾ ಆಯೋಗವಾಗಿ ನೇಮಿಸಿಕೊಂಡಿದ್ದೇನೆ. ‘ಮಾಜಿ’ ಎಂಬ ಎರಡಕ್ಷರದಿಂದ ಒಂದು ಸಂಸಾರಕ್ಕೆ ಆದ ಗಾಯಗಳ ಕುರಿತು ವಿಚಾರಣೆ. ನಡೆದದ್ದನ್ನು ದಾಖಲೆಗೆಂದು ಮೊದಲು ಬರೆಯುತ್ತೇನೆ, ತಪ್ಪಿದ್ದರೆ ತಿದ್ದು.

ಹದಿನಾರು ವರ್ಷದಿಂದ ನಿಂತುಹೋಗಿದ್ದ ಸ್ಕಂದಗಿರಿ ಕಪ್ ಈ ಬರುವ ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಮತ್ತೆ ನಡೆಯುತ್ತದೆ ಎಂದು ಬಾಕ್ಸಿಂಗ್ ಸಂಘದ ಅಧ್ಯಕ್ಷರಾದ ವೆಂಕಟರವಣಪ್ಪನವರು ಆಹ್ವಾನ ಪತ್ರಿಕೆ ತಂದುಕೊಟ್ಟರು. ೨೦೦೯ರಲ್ಲಿ ಅದನ್ನು ಕೊನೆಯದಾಗಿ ಗೆದ್ದವನು ನೀನು. ಅದಕ್ಕೇ ನಿನ್ನ ಹೆಸರು ದಪ್ಪಕ್ಷರದಲ್ಲಿತ್ತು: ‘ಸನ್ಮಾನ: ಮಾಜಿ ಚಾಂಪಿಯನ್ ಶ್ರೀ ಸಿ. ಗಂಗರಾಜು.’ ನೀನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಓದಿದೆ.

“ಯಾರ್ ಸೋಲ್ಸಿದ್ರು ನನ್ನ?” ಎಂದು ಕೇಳಿದೆ.

“ಯಾರೂ ಇಲ್ಲ ಗಂಗರಾಜು. ಕಪ್ಪೇ ನಿಂತೋಗಿತ್ತಲ್ಲಪ್ಪ.”

“ಮತ್ತೆ? ಸೋಲ್ದೇನೆ ಮಾಜಿ ಹೆಂಗಾಗ್ತೀನಿ?”

ವೆಂಕಟರವಣಪ್ಪನವರು ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಹಿಡಿದು ಯೋಚಿಸಿದರು. ಅದು ಮುರಿದು ಒಳಗೆ ಬಿತ್ತು. “ಮಾಜಿ ತೆಗೆದ್ರೆ ಏನ್ ಹಾಕ್ಲಿ, ಹಾಲಿ ಅಂತಾನ? ನೋಡು, ನಾನು ಹದಿನೈದು ವರ್ಷದಿಂದ ಮಾಜಿ ಪಂಚಾಯ್ತಿ ಮೆಂಬರು. ಹಾಲಿ ಆಗಿದ್ದಾಗ ನಲ್ಲೀಲಿ ನೀರು ಬರ್ಲಿಲ್ಲ ಅಂತ ಬೈಯೋರು. ಮಾಜಿ ಆದ್ಮೇಲೆ ನಮಸ್ಕಾರ ಹಾಕ್ತಾರೆ. ಸುಖವಾದ ಪೋಸ್ಟು ಕಣಪ್ಪ ಇದು.”

ನಾನೂ ಅಮ್ಮನೂ ನಕ್ಕೆವು. ನೀನು ನಗಲಿಲ್ಲ. ಕಾರ್ಡು ತಿರುಗಿಸಿ ನಿಯಮ ಓದಿದೆ. ‘ಹದಿನೆಂಟು ವರ್ಷ ತುಂಬಿದ ಯಾರಾದರೂ ಭಾಗವಹಿಸಬಹುದು’ ಎಂದಿತ್ತು. ದೊಡ್ಡ ಸ್ಪರ್ಧೆಗಳಲ್ಲಿ ನಲವತ್ತಕ್ಕೆ ಬಾಗಿಲು ಹಾಕುತ್ತಾರೆ ಎಂದು ನಮಗೆಲ್ಲ ಕಲಿಸಿದವನು ನೀನೇ. ಆದರೆ ನಮ್ಮ ಸಂಘದವರು ಕೆಳಗಿನ ವಯಸ್ಸು ಬರೆದು ಮೇಲಿನದನ್ನು ಮರೆತಿದ್ದರು. ಮಾರನೆಯ ದಿನ ನಲವತ್ತೈದು ವರ್ಷದ ನೀನು ಹೋಗಿ ಹೆಸರು ಕೊಟ್ಟು ಬಂದೆ.

ಆ ಕೋಪಕ್ಕೆ ನಾನು ಮನೆಯ ತುಂಬ ಚೀಟಿ ಅಂಟಿಸಿದ್ದು ನಿನಗೆ ನೆನಪಿರಬೇಕು. ಕೆಟ್ಟುಹೋದ ಮಿಕ್ಸಿಗೆ ‘ಮಾಜಿ ಮಿಕ್ಸಿ’. ನಿನ್ನ ಬಕ್ಕ ತಲೆಯ ಬಾಚಣಿಗೆಗೆ ‘ಮಾಜಿ ಉದ್ಯೋಗಿ’. ನೀನು ಒಂದೊಂದನ್ನೇ ಕಿತ್ತೆ. ಅಜ್ಜಿ ಮಾತ್ರ ತನ್ನ ಸೀರೆಗೆ ಅಂಟಿಸಿದ್ದ ‘ಮಾಜಿ ಸೊಸೆ’ ಎಂಬುದನ್ನು ಕೀಳಲು ಬಿಡದೆ ಸಂಜೆವರೆಗೂ ಬೀದಿಯಲ್ಲಿ ಓಡಾಡಿದಳು.

ಮುಂದಿನದರಲ್ಲಿ ತಮಾಷೆಯಿಲ್ಲ. ಕಣ್ಣಿನ ಡಾಕ್ಟರು ನನ್ನ ಮುಂದೆಯೇ ಹೇಳಿದರು, ಎಡಗಣ್ಣಿನ ಒಳಗಿನ ಪರದೆ ಸಡಿಲವಾಗಿದೆ, ಜೋರಾಗಿ ಒಂದೇ ಒಂದು ಏಟು ಬಿದ್ದರೂ ದೃಷ್ಟಿ ಹೋಗಬಹುದು ಎಂದು. ನೀನು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತ, “ಬಿದ್ರೆ ತಾನೆ?” ಎಂದೆ. ಅವತ್ತಿನಿಂದ ಅಮ್ಮ ನಿನ್ನ ಜೊತೆ ಜಗಳವಾಡಿಲ್ಲ. ಮೆಲ್ಲಗೆ ಮಾತಾಡುತ್ತಾಳೆ. ನಮ್ಮ ಅಮ್ಮ ಮೆಲ್ಲಗೆ ಮಾತಾಡಿದ್ದನ್ನು ನೀನು ಈ ಮೊದಲು ಯಾವಾಗ ಕೇಳಿದ್ದೆ ಅಪ್ಪ?

ಆಯೋಗದ ಮುಂದಿನ ಪ್ರಶ್ನೆ: ಬಾಕ್ಸರುಗಳನ್ನು ಜನ ಯಾವುದಕ್ಕೆ ನೆನೆಯುತ್ತಾರೆ? ಬಾಕ್ಸಿಂಗ್ ಕಲಿಸುವ ನಮ್ಮ ಶೆಡ್ಡಿನ ಗೋಡೆಯಲ್ಲಿ ಬಾಬಾಸಾಹೇಬರ ಪಟದ ಪಕ್ಕ ನೀನು ಮುಹಮ್ಮದ್ ಅಲಿಯ ಪಟ ಹಾಕಿದ್ದೀಯ. ಎಪ್ಪತ್ತನಾಲ್ಕರಲ್ಲಿ ಆತ ಹಗ್ಗಕ್ಕೆ ಒರಗಿ ಏಟು ತಿಂದೂ ತಿಂದೂ ಎದುರಾಳಿಯನ್ನು ಸುಸ್ತುಮಾಡಿ, ಎಂಟನೇ ರೌಂಡಿನಲ್ಲಿ ಕೆಡವಿದ ಕಥೆಯನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತಿದ್ದೆ. ಆದರೆ ಆತ ಸೋತ ಎಂಬತ್ತೊಂದರ ಕೊನೆಯ ಪಂದ್ಯದ ವಿಷಯ ನೀನು ಒಂದು ದಿನವೂ ಹೇಳಲಿಲ್ಲ. ಮೊನ್ನೆ ನಾನೇ ಹುಡುಕಿ ಓದಿದೆ. ಮೂವತ್ತೊಂಬತ್ತು ವರ್ಷ, ಕೈಕಾಲು ನಿಧಾನ, ಎದುರಿಗೆ ಇಪ್ಪತ್ತೇಳರ ಪ್ರಾಯದವನು. ಅಲ್ಲಿ ಸರಿಯಾದ ಗಂಟೆಯೂ ಇರಲಿಲ್ಲವಂತೆ, ಹಸುವಿನ ಕೊರಳಿಗೆ ಕಟ್ಟುವ ಗಂಟೆ ಬಾರಿಸಿ ರೌಂಡು ಶುರು ಮಾಡಿದರಂತೆ. ಅಜ್ಜಿಗೆ ಓದಿ ಹೇಳಿದರೆ, “ಅಯ್ಯೋ, ಆ ಹಸ ಎಲ್ಲೋಗಿತ್ತಂತೆ?” ಎಂದು ಕೇಳಿದಳು.

ನೀನು ಯಾಕೆ ಹೇಳಲಿಲ್ಲ ಎಂದು ಯೋಚಿಸಿದೆ. ಮರೆತಿದ್ದಲ್ಲ. ಆತನ ಮೇಲೆ ಪ್ರೀತಿ, ಅದಕ್ಕೆ ಆ ಪಂದ್ಯವನ್ನು ಬಿಟ್ಟು ಹೇಳಿದೆ. ನಾಳೆ ನಿನ್ನ ಕಥೆಯನ್ನು ನಾನು ಯಾರಿಗೋ ಹೇಳುತ್ತೇನಲ್ಲ, ಅದರಲ್ಲಿ ಬಿಟ್ಟು ಹೇಳಬೇಕಾದ ಪಂದ್ಯ ಒಂದೂ ಇಲ್ಲ. ಇಲ್ಲಿಯವರೆಗೆ ಇಲ್ಲ. ಈ ಭಾನುವಾರ ಇದೆ.

ಸಾಕ್ಷಿಗಾಗಿ ಶುಕ್ರವಾರ ಕಾಲೇಜಿಗೆ ಚಕ್ಕರ್ ಹಾಕಿ ಚಿಂತಾಮಣಿ ಬಸ್ಸು ಹತ್ತಿದೆ. ೨೦೦೯ರ ಫೈನಲ್ಲಿನಲ್ಲಿ ನಿನ್ನ ಕೈಲಿ ಸೋತ ಚನ್ನಕೇಶವ ಅವರು ಈಗ ಅಲ್ಲಿ ಟೊಮೇಟೊ ಮಂಡಿ ನಡೆಸುತ್ತಾರೆ. ಕ್ರೇಟುಗಳ ಮಧ್ಯೆ ಕುರ್ಚಿ ಹಾಕಿ ಕೂರಿಸಿದರು. ನಾನು ಗಂಭೀರವಾಗಿ ನೋಟ್‌ಬುಕ್ ತೆಗೆದು, “ಸರ್, ಆಯೋಗದ ಮುಂದೆ ಸತ್ಯವನ್ನೇ ಹೇಳಬೇಕು” ಎಂದೆ.

“ಗಂಗರಾಜು ಮಗಳೇನಮ್ಮ? ಮೂಗು ನೋಡಿದ್ರೇ ಗೊತ್ತಾಗುತ್ತೆ. ಒಂದು ವ್ಯತ್ಯಾಸ, ನಿಂದು ಇನ್ನೂ ನೆಟ್ಟಗಿದೆ” ಎಂದು ನಕ್ಕರು. ಆಮೇಲೆ ತಮ್ಮ ಬಲ ಹುಬ್ಬಿನ ಮೇಲಿನ ಬಿಳಿ ಗೆರೆ ತೋರಿಸಿದರು. “ಮೂರನೇ ರೌಂಡಲ್ಲಿ ಇದು ಒಡೆದು ರಕ್ತ ಕಣ್ಣಿಗೆ ಇಳೀತಮ್ಮ. ಈ ಕಡೆ ಏನೂ ಕಾಣ್ತಿರ್ಲಿಲ್ಲ. ಅದು ನಿಮ್ಮಪ್ಪಂಗೆ ಗೊತ್ತಾಯ್ತು. ಅಲ್ಲಿಂದಾಚೆಗೆ ಆ ಕಡೆ ಒಂದೇಟೂ ಹಾಕ್ಲಿಲ್ಲ. ಕಾಣೋ ಕಡೆಯಿಂದಾನೇ ಹೊಡ್ದು ಗೆದ್ದ.”

ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ. ಇದನ್ನು ನೀನು ನಮಗೆ ಹೇಳಿಯೇ ಇಲ್ಲ.

“ಇವತ್ತಿಗೂ ಯಾರಾದ್ರೂ ಬಾಕ್ಸಿಂಗ್ ಮಾತೆತ್ತಿದ್ರೆ, ಸೋತೆ ಅಂತ ಹೇಳಲ್ಲ ನಾನು. ಯಾರತ್ರ ಸೋತೆ ಅಂತ ಹೇಳ್ತೀನಿ. ಈಗ ಅವ್ನು ಹೋಗಿ ಯಾವ್ದೋ ಹುಡ್ಗನ ಕೈಲಿ ಮಲ್ಕೊಂಡ್ಬುಟ್ರೆ ನಾನೇನಮ್ಮ ಹೇಳ್ಕಳ್ಳಿ? ಆ ಹೆಸ್ರಲ್ಲಿ ನಂದೂ ಒಂದು ಪಾಲಿದೆ ಅಂತ ಹೇಳು ಅವ್ನಿಗೆ.” ಹೊರಡುವಾಗ ಬೇಡವೆಂದರೂ ಒಂದು ಚೀಲ ಟೊಮೇಟೊ ಕೊಟ್ಟರು. ಮೂರು ದಿನದಿಂದ ಮನೆಯಲ್ಲಿ ಟೊಮೇಟೊ ಗೊಜ್ಜೇ ನಡೆಯುತ್ತಿದೆ.

ಎರಡನೇ ಸಾಕ್ಷಿ ತಾನಾಗಿ ಬಂತು. ಭಾನುವಾರ ನಿನ್ನ ಮೊದಲ ಪಂದ್ಯದ ಎದುರಾಳಿ ಯಾರೆಂದು ನಿನಗೆ ತಿಳಿದಿದೆ. ಗೌರಿಬಿದನೂರಿನ ಹರಿಕೃಷ್ಣ, ಹನ್ನೆರಡನೇ ವಯಸ್ಸಿನಿಂದ ನಮ್ಮ ಶೆಡ್ಡಿನಲ್ಲಿ ಬೆಳೆದವನು. ನಿನ್ನೆ ಫ್ಯಾಕ್ಟರಿ ಶಿಫ್ಟು ಮುಗಿಸಿ ನೇರ ಇಲ್ಲಿಗೆ ಬಂದ. ಅಮ್ಮ ಕೂತ್ಕೊಳಪ್ಪ ಎಂದರೂ ಕೂರಲಿಲ್ಲ.

“ಏನ್ ಮಾಡ್ಲಿ ತನುಜ? ಹೊಡೆದ್ರೆ ಗುರುದ್ರೋಹಿ ಅಂತಾರೆ. ಹೊಡೀದಿದ್ರೆ ಸರ್ರೇ ನನ್ನ ಕೊಂದಾಕ್ತಾರೆ. ಕೈ ಸಡ್ಲ ಬಿಟ್ಟು ಹೊಡೆಯೋದು ಎದುರಾಳಿಗೆ ಮಾಡೋ ಅವಮಾನ ಅಂತ ಅವ್ರೇ ಹೇಳ್ಕೊಟ್ಟಿದ್ದು.”

“ಹಂಗಾದ್ರೆ?”

“ಹಂಗಾದ್ರೆ ಹೊಡೀತೀನಿ. ಜೋರಾಗೇ. ಅದಕ್ಕೇ ನಿದ್ದೆ ಬರ್ತಿಲ್ಲ.”

ನಿನ್ನ ಕಣ್ಣಿನ ವಿಷಯ ಅವನಿಗೆ ಗೊತ್ತಿಲ್ಲ. ನೀನು ಅಮ್ಮನ ಹತ್ತಿರವೂ ನನ್ನ ಹತ್ತಿರವೂ ಆಣೆ ಹಾಕಿಸಿಕೊಂಡಿದ್ದೀಯ. ಒಂದು ಮಾತು ಹೇಳಿದ್ದರೆ ಅವನು ಅಲ್ಲೇ ಹೆಸರು ವಾಪಸು ತೆಗೆದುಕೊಳ್ಳುತ್ತಿದ್ದ. ನಾನು ಹೇಳಲಿಲ್ಲ, ಅದು ನೀನು ಹೇಳಬೇಕಾದ ಮಾತು. ಶನಿವಾರ ಮಧ್ಯಾಹ್ನದವರೆಗೆ ಕಾಯುತ್ತೇನೆ. ಆಮೇಲೆ ಆಣೆ ಮುರಿದು ನಾನೇ ಗೌರಿಬಿದನೂರಿಗೆ ಹೋಗುತ್ತೇನೆ, ನೀನು ಜೀವಮಾನವಿಡೀ ಮಾತು ಬಿಟ್ಟರೂ ಸರಿ. ಅವನ ಕೈಯಿಂದ ನಿನ್ನ ಕಣ್ಣು ಹೋದರೆ ಆ ಹುಡುಗ ಇನ್ನೊಂದು ದಿನ ಗ್ಲೌಸ್ ಹಾಕುವುದಿಲ್ಲ. ಒಂದೇ ಏಟಿಗೆ ನಿನ್ನ ಕಣ್ಣೂ ಹೋಗಿ, ನೀನು ತಯಾರು ಮಾಡಿದ ಅತಿ ಒಳ್ಳೆಯ ಬಾಕ್ಸರೂ ಹೋಗುತ್ತಾನೆ.

ಆದ್ದರಿಂದ ಸಮಸ್ತ ಸಾಕ್ಷ್ಯಗಳನ್ನು ಪರಾಮರ್ಶಿಸಿ ಆಯೋಗ ಮಾಡುವ ಶಿಫಾರಸು: ಗಂಗರಾಜು ಅವರು ಶುಕ್ರವಾರದ ರೈಲಿಗೆ ತೊಂಡೇಬಾವಿ ಬಿಡತಕ್ಕದ್ದು. ಅಮ್ಮ ಇಸ್ತ್ರಿ ಮಾಡಿಸಿಟ್ಟಿರುವ ನೀಲಿ ಕೋಟು ತೊಟ್ಟು ಭಾನುವಾರ ರಿಂಗ್ ಹತ್ತಿ, ಶಾಲು ಹೊದಿಸಿಕೊಂಡು, ಮೈಕಿನಲ್ಲಿ ಎರಡೇ ಎರಡು ಮಾತಾಡಿ ಇಳಿಯತಕ್ಕದ್ದು. ಇಳಿದು ಹರಿಕೃಷ್ಣನ ಮೂಲೆಯಲ್ಲಿ ಟವೆಲ್ಲು, ನೀರಿನ ಬಾಟಲಿ ಹಿಡಿದು ನಿಲ್ಲತಕ್ಕದ್ದು. ಕಪ್ ಅವನು ಗೆದ್ದರೆ ನೀನು ಕಾಯಿದೆ ಪ್ರಕಾರ ಮಾಜಿ. ವೆಂಕಟರವಣಪ್ಪನವರು ನಿನ್ನನ್ನು ಆ ಸುಖವಾದ ಪೋಸ್ಟಿಗೆ ಖುದ್ದಾಗಿ ಸ್ವಾಗತಿಸುತ್ತಾರೆ.

ವಯಸ್ಸಿನಲ್ಲಿ ಚಿಕ್ಕವಳಾದರೂ ಆಯೋಗದ ಅಧಿಕಾರದಿಂದ ನಿನ್ನನ್ನು ಹರಸುತ್ತೇನೆ: ನಿನ್ನ ಮೊಣಕಾಲಿಗೆ ಶಾಂತಿ ಸಿಗಲಿ, ಕಾಫಿಗೆ ಸಕ್ಕರೆ ಸಿಗದಿರಲಿ, ನೂರು ವರ್ಷ ಎರಡೂ ಕಣ್ಣಿನಿಂದ ನನ್ನನ್ನು ಗದರಿಸಿ ನೋಡುತ್ತಿರು.

ಇಂತು ನಿನ್ನ ಮಗಳೂ ಆಯೋಗದ ಅಧ್ಯಕ್ಷೆಯೂ ಆದ,
ತನುಜ

ಸಹಿ ಹಾಕಿದ ಮೇಲೆ ಸೇರಿಸಿದ್ದು: ಮಾಮ ಹೊರಗೆ ಟೀ ಕುಡಿಯುತ್ತಿದ್ದಾರೆ, ಲೋಟ ಖಾಲಿಯಾಗುವುದರೊಳಗೆ ಬರೆದುಬಿಡುತ್ತೇನೆ. ಕಾರ್ಡು ಬಂದ ದಿನ ಸಂಜೆ ನೀನು ಶೆಡ್ಡಿಗೆ ಬಂದು, “ಪ್ಯಾಡ್ ಹಿಡ್ಕೊಳಮ್ಮ” ಎಂದೆ. ನಾನು ಅಂಗೈಗೆ ಆ ಮೆತ್ತೆ ತೊಟ್ಟು ಹಿಡಿದೆ, ನೀನು ಹತ್ತು ಏಟು ಹೊಡೆದೆ. ತಗಡಿನ ಮಾಡು ಅದುರುವಂತೆ ಸದ್ದು ಬಂತು. “ಕೇಳುಸ್ಕೊಂಡ? ಇದು ನಲವತ್ತೈದರ ಕೈಯೇನಮ್ಮ?” ಎಂದು ನಗುತ್ತ ಹೋದೆ. ನೀನು ಹೆಸರು ಕೊಟ್ಟದ್ದು ಕಾರ್ಡಿಗಲ್ಲ, ಆ ಸದ್ದಿಗೆ. ಪ್ಯಾಡನ್ನು ಸುಮ್ಮನೆ ಹಿಡಿದರೆ ಏಟು ಎಷ್ಟಿದೆಯೋ ಅಷ್ಟೇ ಸದ್ದು. ಪ್ಯಾಡ್ ಹಿಡಿದವರು ಏಟು ತಾಕುವ ಗಳಿಗೆಗೆ ಸರಿಯಾಗಿ ಅದನ್ನು ಮುಂದಕ್ಕೆ ತಳ್ಳಿದರೆ ಸದ್ದು ಸಿಡಿಯುತ್ತದೆ. ಎರಡು ವರ್ಷದ ಹಿಂದೆ, ನಿನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ವಾರ, ನಿನ್ನ ಏಟು ಒದ್ದೆ ಬಟ್ಟೆ ಬಿದ್ದ ಹಾಗೆ ಕೇಳಿಸಿತು. ನೀನು ಕೈ ನೋಡಿಕೊಂಡು ನಿಂತುಬಿಟ್ಟೆ. ಮುಂದಿನ ಏಟಿಗೆ ನಾನು ಕೀಟಲೆಗೆಂದು ತಳ್ಳಿದೆ. ಆಗ ನಿನ್ನ ಮುಖ ಹೇಗೆ ಅರಳಿತೆಂದರೆ, ಮಾರನೆಯ ದಿನವೂ ತಳ್ಳಿದೆ. ಇವತ್ತಿನವರೆಗೆ ನಿಲ್ಲಿಸಿಲ್ಲ. ಆ ಸದ್ದಿನಲ್ಲಿ ಅರ್ಧ ನನ್ನದು ಅಪ್ಪ. ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ.